ಮಗುವಿನ ಕೋಣೆಗೆ ಪ್ಯಾನೆಲಿಂಗ್: ಅರ್ಧ ಗೋಡೆ ಸಾಕು

ಇಂಟೀರಿಯರ್‌ನವರ ಕ್ಯಾಟಲಾಗ್ ತಿರುವಿ ನೋಡಿ. ಮಕ್ಕಳ ಕೋಣೆ ಎಂದರೆ ನೆಲದಿಂದ ಸೂರಿನ ತನಕ ಗೀರುಗೀರಾದ ಪ್ಯಾನೆಲ್, ಸಂದಿಯಲ್ಲಿ ಎಲ್‌ಇಡಿ ಬೆಳಕು, ಮಂಚದ ತಲೆದೆಸೆಗೆ ರಾಕೆಟ್ಟೋ ಕೋಟೆಯೋ ಕೊರೆದ ಹಲಗೆ. ಎಲ್ಲ ಇರುತ್ತದೆ, ಮಗು ಒಂದನ್ನು ಬಿಟ್ಟು. ಇದ್ದಿದ್ದರೆ ಆ ಗೀರುಗಳಲ್ಲಿ ಕ್ರೇಯಾನ್ ಚೂರು, ಚಕ್ಕುಲಿ ಪುಡಿ, ಅರ್ಧ ಕಿತ್ತ ಸ್ಟಿಕರ್ ಕಾಣುತ್ತಿದ್ದವು; ಮಂಚದ ಹಿಂದೆ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆಯ ದುಂಡನೆ ಕಲೆ ಬಿದ್ದಿರುತ್ತಿತ್ತು; ಮಲಗಿಕೊಂಡೇ ಗೋಡೆಗೆ ಕಾಲು ಕೊಟ್ಟು ಆಡುವವರ ಹೆಜ್ಜೆಗುರುತು ಎರಡಡಿ ಎತ್ತರದಲ್ಲಿ ಮೂಡಿರುತ್ತಿತ್ತು.

ಮಗುವಿನ ಕೋಣೆಯಲ್ಲಿ ಗೋಡೆ ಹಾಳಾಗುವುದು ಬಹುಪಾಲು ಕೆಳಗಿನ ಅರ್ಧದಲ್ಲೇ. ಅಲಂಕಾರವೂ ರಕ್ಷಣೆಯೂ ಬೇಕಾದದ್ದು ಅಲ್ಲೇ. ನೆಲದಿಂದ ಮೂರೂವರೆ ಅಡಿಯವರೆಗೆ, ಗೋಡೆಗೇ ನೇರವಾಗಿ ಕೂರಿಸಿದ ಬೀಡಿಂಗ್ ಪಟ್ಟಿಯ ಚೌಕಟ್ಟುಗಳು, ಅವುಗಳ ಮೇಲೆ ಒರೆಸಿದರೆ ಶುಚಿಯಾಗುವಂಥ ಪೇಂಟ್. ಮಧ್ಯಮ ವರ್ಗದ ಮನೆಗೆ ನಾನು ಹೇಳುವ ಪ್ಯಾನೆಲಿಂಗ್ ಇಷ್ಟೇ. ರೀಪರ್ ಹೊಡೆದು ಹಲಗೆ ಹೊದಿಸುವುದು, ಗೀರಿನ ಲೂವರ್ ಅಂಟಿಸುವುದು ಬೇಡವೆನ್ನಲು ಕಾರಣಗಳಿವೆ.

ಗೋಡೆ ಒಣಗಿದೆಯೇ?

ಯುರೋಪಿನ ಚಳಿ ದೇಶಗಳಲ್ಲಿ ಕಲ್ಲುಗೋಡೆಯ ಥಂಡಿ ಮೈಗೆ ತಾಗದಿರಲಿ ಎಂದು ಕೋಣೆಯ ಒಳಗೆ ಹಲಗೆ ಹೊದಿಸುತ್ತಿದ್ದರು. ನಮ್ಮಲ್ಲಿ ಲೆಕ್ಕ ತಿರುವುಮುರುವು. ಇಟ್ಟಿಗೆಯ ಅಥವಾ ಸಿಮೆಂಟ್ ಬ್ಲಾಕಿನ ಗೋಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ಕುಡಿಯುತ್ತದೆ. ಆ ಗೋಡೆಯಿಂದ ಹಲಗೆಯನ್ನು ಕಾಪಾಡುವುದೇ ದೊಡ್ಡ ಕೆಲಸ. ಹಲಗೆಯ ಹಿಂದೆ ಗಾಳಿಯಾಡದ ಟೊಳ್ಳು ಉಳಿದರೆ ಅಲ್ಲಿ ಬೂಷ್ಟು ಕಟ್ಟುತ್ತದೆ, ಜಿರಳೆ ಸೇರಿಕೊಳ್ಳುತ್ತದೆ, ಮಲೆನಾಡು ಕರಾವಳಿಯಲ್ಲಾದರೆ ಗೆದ್ದಲು ಮಣ್ಣಿನ ಗೆರೆ ಎಳೆದುಕೊಂಡು ಮೇಲೆ ಹತ್ತುತ್ತದೆ. ಗೋಡೆ ಬರಿದಾಗಿದ್ದರೆ ಆ ಗೆರೆ ಬೇಗ ಕಣ್ಣಿಗೆ ಬೀಳುತ್ತದೆ. ಹಲಗೆಯ ಹಿಂದಾದರೆ, ಬೆರಳಲ್ಲಿ ಒತ್ತಿದಾಗ ಪೇಂಟಿನ ಪದರ ಮಾತ್ರ ಉಳಿದಿರುವುದು ಗೊತ್ತಾಗುವಷ್ಟರಲ್ಲಿ ಮಂಚದ ಕಾಲಿಗೂ ತಗುಲಿರುತ್ತದೆ.

ಆದ್ದರಿಂದ ಅಂಗಡಿಗೆ ಹೋಗುವ ಮುಂಚೆ ಗೋಡೆಯನ್ನು ಪರೀಕ್ಷಿಸಿ. ಎರಡಡಿ ಚೌಕದ ಪಾಲಿಥೀನ್ ಹಾಳೆಯನ್ನು ಗೋಡೆಗಿಟ್ಟು ನಾಲ್ಕೂ ಅಂಚಿಗೆ ಸಂದಿಯಿಲ್ಲದಂತೆ ಟೇಪ್ ಅಂಟಿಸಿ, ಎರಡು ದಿನ ಬಿಡಿ. ಗೋಡೆಯ ಕಡೆಗಿರುವ ಮೈಯಲ್ಲಿ ನೀರಿನ ಹನಿ ಕೂತಿದ್ದರೆ ತೇವ ಗೋಡೆಯ ಒಳಗಿನದು. ಹನಿ ಹೊರಮೈಯಲ್ಲಿದ್ದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದಿಡುವ ಅಭ್ಯಾಸವಾದರೆ ಬಹುಮಟ್ಟಿಗೆ ಕಡಿಮೆಯಾಗುತ್ತದೆ. ಒಳಗಿನ ತೇವಕ್ಕೆ ಮೂಲ ಹುಡುಕಲೇಬೇಕು: ಪಕ್ಕದ ಬಚ್ಚಲ ಪೈಪು, ತಾರಸಿಯ ಬಿರುಕು, ಹೊರಗೋಡೆಯ ಕಿತ್ತ ಗಾರೆ. ಒಳಗಿನಿಂದ ವಾಟರ್‌ಪ್ರೂಫ್ ಪೇಂಟ್ ಬಳಿಯುವುದು ಕಲೆಯನ್ನು ಒಂದು ಮಳೆಗಾಲ ಮುಚ್ಚಿಡುವ ಉಪಾಯ, ಅಷ್ಟೆ. ಬಚ್ಚಲಿಗೆ ಅಂಟಿಕೊಂಡ ಗೋಡೆಯಾದರೆ ನಾನಂತೂ ಆ ಗೋಡೆಯನ್ನೇ ಬಿಟ್ಟು ಬೇರೆಯದನ್ನು ಆರಿಸುತ್ತೇನೆ.

ಇನ್ನೊಂದು ಪರೀಕ್ಷೆಗೆ ಏನೂ ಬೇಡ. ಅಂಗೈಯಿಂದ ಗೋಡೆಯನ್ನು ಜೋರಾಗಿ ಉಜ್ಜಿ ನೋಡಿ. ಕೈಗೆ ಬಿಳಿ ಪುಡಿ ಹತ್ತಿದರೆ ಮೇಲಿರುವುದು ಸುಣ್ಣ, ಇಲ್ಲವೇ ಹಳೆಯ ಡಿಸ್ಟೆಂಪರ್. ಅದರ ಮೇಲೆ ಎಂಥ ದುಬಾರಿ ಅಂಟು ಹಾಕಿದರೂ ಅದು ಹಿಡಿದುಕೊಳ್ಳುವುದು ಪುಡಿಯನ್ನು, ಗೋಡೆಯನ್ನಲ್ಲ. ಬೀಡಿಂಗ್ ಕೂರುವ ಗೆರೆಯುದ್ದಕ್ಕೂ ಆ ಪದರವನ್ನು ಕೆರೆದು, ಪ್ರೈಮರ್ ಕೊಟ್ಟು ಮುಂದುವರಿಯಬೇಕು. ಹೊಸ ಮನೆಯಾದರೆ ಗಾರೆ ಪೂರ್ತಿ ಒಣಗುವವರೆಗೆ ಒಂದೆರಡು ತಿಂಗಳು ತಡೆಯಿರಿ.

ಕೆಲಸಕ್ಕೆ ಒಳ್ಳೆಯ ಕಾಲ ಸಂಕ್ರಾಂತಿಯಿಂದ ಯುಗಾದಿಯವರೆಗೆ. ಮಳೆಗಾಲದಲ್ಲಿ ಉಬ್ಬಿದ ಮರವನ್ನು ಆಗಲೇ ಕೊಯ್ದು ಕೂರಿಸಿದರೆ ಫೆಬ್ರವರಿಯ ಒಣಹವೆಗೆ ಅದು ಕುಗ್ಗಿ ಮೂಲೆ ಬಾಯಿ ಬಿಡುತ್ತದೆ. ಬೇಸಿಗೆ ರಜೆಯಲ್ಲಿ ಮಕ್ಕಳು ಅಜ್ಜಿ ಮನೆಗೆ ಹೋಗುವುದಿದ್ದರೆ ಅದೂ ಸರಿಯೇ; ಧೂಳು, ಪೇಂಟಿನ ವಾಸನೆ ಎರಡೂ ಅವರಿಗೆ ತಪ್ಪುತ್ತವೆ.

ಯಾವ ಪಟ್ಟಿ, ಯಾವ ಹಲಗೆ

ಇಲ್ಲೊಂದು ಎಚ್ಚರಿಕೆ. ಯೂಟ್ಯೂಬಿನಲ್ಲಿ ಅಮೆರಿಕದ ದಂಪತಿ ಒಂದು ಮಧ್ಯಾಹ್ನದಲ್ಲಿ ಗೋಡೆ ಮುಗಿಸುವ ವಿಡಿಯೊಗಳು ನೋಡಲು ಚೆನ್ನ. ಅವರ ಗೋಡೆ ಸಾಮಾನ್ಯವಾಗಿ ಮರದ ಕಂಬಗಳಿಗೆ ಹೊಡೆದ ಜಿಪ್ಸಮ್ ಹಾಳೆ. ಕಂಬ ಹುಡುಕಿ ಗನ್ನಿನಲ್ಲಿ ಮೊಳೆ ಹೊಡೆದರೆ ನೆಟ್ಟಗೆ ಕೂರುತ್ತದೆ. ನ್ಯೂಜೆರ್ಸಿಯಲ್ಲೋ ಡಲ್ಲಾಸಿನಲ್ಲೋ ಇರುವ ಕನ್ನಡಿಗರಿಗೆ ಆ ವಿಧಾನವೇ ಸರಿ. ನಮ್ಮ ಗಾರೆಗೋಡೆಗೆ ಅದೇ ಮೊಳೆ ಹೊಡೆದರೆ ಮೊಳೆ ಸೊಟ್ಟಗಾಗುತ್ತದೆ, ಇಲ್ಲವೇ ರೂಪಾಯಿ ಅಗಲದ ಗಾರೆ ಚಕ್ಕೆ ಎದ್ದು ಬರುತ್ತದೆ. ಇಲ್ಲಿ ಹಗುರ ಬೀಡಿಂಗನ್ನು ಹಿಡಿದಿಡುವುದು ಅಂಟು. ಸಣ್ಣ ಸ್ಟೀಲ್ ಮೊಳೆ ಅಂಟು ಒಣಗುವ ತನಕದ ಆಸರೆ ಮಾತ್ರ. ಹಲಗೆಯಂಥ ಭಾರದ ವಸ್ತುವಾದರೆ ಡ್ರಿಲ್ ಮಾಡಿ ರಾಲ್ ಪ್ಲಗ್ ಕೂರಿಸಿ ಸ್ಕ್ರೂ ಹಾಕಲೇಬೇಕು. ಮಗು ಮಲಗುವ ತಲೆಯ ಮೇಲೆ ಬರೀ ಅಂಟಿನ ಭರವಸೆಯಲ್ಲಿ ಹಲಗೆ ನಿಲ್ಲಿಸಬಾರದು.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ಊರುಗಳಿಗೆ ಮರದ ಬೀಡಿಂಗ್ ಚೆನ್ನಾಗಿ ಬಾಳುತ್ತದೆ. ತೇಗದ ಪಟ್ಟಿಯೇ ಆಗಬೇಕಿಲ್ಲ. ಮೇಲೆ ಪೇಂಟ್ ಬಳಿಯುವುದಾದರೆ ಪೈನ್ ಸಾಕು. ಮಂಗಳೂರು, ಉಡುಪಿ, ಕಾರವಾರ, ಇತ್ತ ಆಗುಂಬೆ ತೀರ್ಥಹಳ್ಳಿಯ ಮಳೆಗೆ ಪಾಲಿಸ್ಟೈರೀನ್ ಅಥವಾ ಪಿಯು ಮೋಲ್ಡಿಂಗ್ ವಾಸಿ; ನೀರು ಹೀರುವುದಿಲ್ಲ, ಗೆದ್ದಲಿಗೆ ಆಹಾರವಲ್ಲ. ಆದರೆ ಕ್ರಿಕೆಟ್ ಬ್ಯಾಟ್ ತಾಗಿದರೆ ಕುಳಿ ಬೀಳುತ್ತದೆ. ಅಂಗಡಿಯಲ್ಲಿ ಉಗುರಿನಿಂದ ಒತ್ತಿ ನೋಡಿ, ಸುಲಭವಾಗಿ ಗುರುತು ಬೀಳುವುದನ್ನು ಬಿಟ್ಟುಬಿಡಿ. ಯಾವುದೇ ಆದರೂ ಅಂಚು ದುಂಡಗಿರಲಿ, ಗೋಡೆಯಿಂದ ಅರ್ಧ ಇಂಚಿಗಿಂತ ಹೆಚ್ಚು ಮುಂದೆ ಚಾಚದಿರಲಿ.

ಗೀರಿನ ಪಿವಿಸಿ, ಡಬ್ಲ್ಯುಪಿಸಿ ಲೂವರ್‌ಗಳು ಈಗ ಎಲ್ಲೆಲ್ಲೂ ಇವೆ. ಟಿವಿ ಗೋಡೆಗೆ ಇರಲಿ, ಮಗುವಿನ ಕೋಣೆಗೆ ನನಗೆ ಇಷ್ಟವಿಲ್ಲ. ಒಂದೊಂದು ಗೀರಿಗೂ ಬಟ್ಟೆ ತೂರಿಸಿ ಒರೆಸುವವರು ಯಾರು? ಧೂಳಿಗೆ ಉಬ್ಬಸ ಬರುವ ಮಗುವಾದರೆ ಕೇಳುವುದೇ ಬೇಡ. ಅಲ್ಲದೆ ಪಿವಿಸಿ ಸುಟ್ಟರೆ ಕಣ್ಣು ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಅದನ್ನೇ ಹಾಕಿಸುವುದಾದರೆ ಪ್ಲಗ್ ಪಾಯಿಂಟಿನ ಸುತ್ತಲೂ ಜಾಗ ಬಿಡಿಸಿ. ಎಲ್‌ಇಡಿ ಪಟ್ಟಿಯ ಡ್ರೈವರನ್ನು ಪ್ಯಾನೆಲ್ಲಿನ ಹಿಂದೆ ಹುದುಗಿಸಲು ಬಿಡಬೇಡಿ.

ಹಲಗೆಯೇ ಬೇಕೆನ್ನುವವರಿಗೆ ಎರಡು ಮಾತು. ಎಂಡಿಎಫ್ ಕೊಯ್ಯಲು, ಪೇಂಟ್ ಬಳಿಯಲು ಹೇಳಿ ಮಾಡಿಸಿದ್ದು, ಆದರೆ ಅದರ ಶತ್ರು ನಮ್ಮ ನೆಲ ಒರೆಸುವ ಬಟ್ಟೆ. ದಿನಾ ನೀರು ಹಾಕಿ ಒರೆಸುವ ಮನೆಯಲ್ಲಿ ಎಂಡಿಎಫ್‌ನ ಕೆಳಅಂಚು ವರ್ಷದೊಳಗೇ ನೆನೆದ ಬಿಸ್ಕತ್ತಿನಂತೆ ಉಬ್ಬುತ್ತದೆ. ಹಲಗೆ ಯಾವುದಿದ್ದರೂ ನಾಲ್ಕಿಂಚಿನ ಟೈಲ್ ಸ್ಕರ್ಟಿಂಗ್ ಹಾಗೇ ಉಳಿದು ಅದರ ಮೇಲಿನಿಂದ ಶುರುವಾಗಲಿ. ಪ್ಲೈವುಡ್ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ: ಐಎಸ್ 303ರಲ್ಲಿ ಬಿಡಬ್ಲ್ಯುಆರ್ ದರ್ಜೆ ಕೋಣೆಗೆ ಸಾಕು, ಐಎಸ್ 710ರ ಮರೈನ್ ಪ್ಲೈ ತೇವದ ಊರಿಗೆ.

ಇನ್ನೊಂದು ವಿಷಯ ಅಂಟಿನದು. ಎಂಡಿಎಫ್‌ನಲ್ಲಿ, ಬಹಳಷ್ಟು ಪ್ಲೈವುಡ್‌ಗಳಲ್ಲಿ ಬಳಸುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಅನಿಲ ತಿಂಗಳುಗಟ್ಟಲೆ ನಿಧಾನವಾಗಿ ಹೊರಬರುತ್ತದೆ. ಹೊಸ ವಾರ್ಡ್‌ರೋಬ್ ತೆರೆದಾಗ ಕಣ್ಣು ಚುರುಗುಟ್ಟುವುದಕ್ಕೆ ಅದೂ ಒಂದು ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಗುಂಪಿಗೆ ಸೇರಿಸಿತು. ಒಳಾಂಗಣ ಗಾಳಿಯಲ್ಲಿ ಅದು ಘನ ಮೀಟರಿಗೆ 0.1 ಮಿಲಿಗ್ರಾಂ ಮೀರಬಾರದೆಂಬುದು ಸಂಸ್ಥೆಯ 2010ರ ಮಾರ್ಗಸೂಚಿ. ನಾಲ್ಕು ಬೀಡಿಂಗ್ ಪಟ್ಟಿಗೆ ಹೆದರಬೇಕಾಗಿಲ್ಲ. ಆದರೆ ಹತ್ತಡಿ ಕೋಣೆಯಲ್ಲಿ ಮಂಚ, ವಾರ್ಡ್‌ರೋಬ್, ಓದುವ ಮೇಜು ಎಲ್ಲವೂ ಅದೇ ಹಲಗೆಯದು, ಜೊತೆಗೆ ಎರಡು ಗೋಡೆ ಪ್ಯಾನೆಲ್, ಮೇಲೆ ಎಸಿಗೆಂದು ಕಿಟಕಿ ಮುಚ್ಚಿದ್ದು ಎಂದರೆ ಎಲ್ಲ ಕೂಡಿಕೊಳ್ಳುತ್ತದೆ. ಇ1 ಅಥವಾ ಇ0 ದರ್ಜೆಯ ಹಲಗೆ ಕೇಳಿ ತನ್ನಿ. ಕೊಯ್ದ ಅಂಚುಗಳಿಂದಲೇ ಅನಿಲ ಹೆಚ್ಚು ಬರುವುದರಿಂದ ಹಿಂಬದಿಗೂ ಅಂಚುಗಳಿಗೂ ಪ್ರೈಮರ್ ಬಳಿಸಿ. ಕಾಣದ ಕಡೆ ಯಾಕೆ ಬಳಿಯಬೇಕು ಎಂದು ಬಡಗಿ ಕೇಳಿಯೇ ಕೇಳುತ್ತಾರೆ, ಬಿಟ್ಟುಕೊಡಬೇಡಿ.

ಲೆಕ್ಕ ಮೊದಲು, ಗರಗಸ ಆಮೇಲೆ

ಹತ್ತಡಿಯ ಗೋಡೆ ಎಂದಿಟ್ಟುಕೊಳ್ಳಿ, ಅಂದರೆ 120 ಇಂಚು. ನಾಲ್ಕು ಚೌಕಟ್ಟು ಬೇಕು, ಚೌಕಟ್ಟಿನ ನಡುವೆಯೂ ಎರಡು ತುದಿಗೂ ನಾಲ್ಕು ನಾಲ್ಕಿಂಚು ಖಾಲಿ. ನಾಲ್ಕು ಚೌಕಟ್ಟಿಗೆ ಐದು ಸಂದು, ಒಟ್ಟು 20 ಇಂಚು. ಉಳಿದ ನೂರನ್ನು ನಾಲ್ಕರಿಂದ ಭಾಗಿಸಿದರೆ ಒಂದೊಂದರ ಅಗಲ 25 ಇಂಚು. ಎತ್ತರಕ್ಕೆ ಬಂದರೆ, ಮೇಲಿನ ಅಡ್ಡಪಟ್ಟಿಯ ಗೆರೆ ನೆಲದಿಂದ 42 ಇಂಚಿಗೆ. ಸ್ಕರ್ಟಿಂಗ್ 4 ಇಂಚು, ಅದರ ಮೇಲೆ ಸಂದು 4, ಅಡ್ಡಪಟ್ಟಿಯ ಕೆಳಗೂ ಸಂದು 4. ಚೌಕಟ್ಟಿಗೆ ಉಳಿಯುವುದು 30 ಇಂಚು.

ಈಗ ಎಂಟಡಿ ಉದ್ದದ ಬೀಡಿಂಗಿನಲ್ಲಿ ಹೇಗೆ ಕೊಯ್ಯುವುದು? ಒಂದು ಉದ್ದದಲ್ಲಿ 30ರ ಎರಡು, 25ರ ಒಂದು ತುಂಡು ಬರುತ್ತದೆ, 11 ಇಂಚು ಮಾತ್ರ ವ್ಯರ್ಥ. ಹಾಗೆ ನಾಲ್ಕು ಉದ್ದ. ಬಾಕಿ 25ರ ನಾಲ್ಕು ತುಂಡಿಗೆ ಇನ್ನೆರಡು. ಆರು ಸಾಕು, ಮೂಲೆ ತಪ್ಪಿ ಕೊಯ್ದರೆ ಇರಲಿ ಎಂದು ಏಳು ತನ್ನಿ. ಅಡ್ಡಪಟ್ಟಿಗೆ ಎರಡು ಉದ್ದ ಬೇರೆ. ಅವು ಕೂಡುವಲ್ಲಿ ನೇರ ಕೊಯ್ಯದೆ ಓರೆಯಾಗಿ ಕೊಯ್ದು ಒಂದರ ಮೇಲೊಂದು ಕೂರಿಸಿದರೆ ಪೇಂಟ್ ಆದ ಮೇಲೆ ಬೆಸುಗೆ ಕಾಣುವುದಿಲ್ಲ.

ನಿಮ್ಮ ಗೋಡೆ ಇಷ್ಟು ಸಲೀಸಾಗಿರುವುದಿಲ್ಲ, ಸ್ವಿಚ್‌ಬೋರ್ಡ್ ಇರುತ್ತದೆ. ಮಂಚದ ಪಕ್ಕದ ಬೋರ್ಡು ಬಹುತೇಕ ಈ ಮೂರೂವರೆ ಅಡಿಯೊಳಗೇ ಬರುತ್ತದೆ. ಬೋರ್ಡು ಪೂರ್ತಿ ಚೌಕಟ್ಟಿನ ಒಳಗೆ ಬೀಳಲಿ, ಇಲ್ಲವೇ ಪೂರ್ತಿ ಹೊರಗೆ. ಅಂಚಿನ ಪಟ್ಟಿ ಬೋರ್ಡನ್ನು ಕತ್ತರಿಸಿ ಹೋದರೆ ಇಡೀ ಗೋಡೆ ತೇಪೆ ಹಾಕಿದಂತೆ ಕಾಣುತ್ತದೆ. ಅಗತ್ಯಬಿದ್ದರೆ ಚೌಕಟ್ಟಿನ ಸಂಖ್ಯೆಯನ್ನೇ ಮೂರಕ್ಕಿಳಿಸಿ. ಬೋರ್ಡಿನಿಂದ ನೆಟ್ಟಗೆ ಮೇಲಕ್ಕೋ ಕೆಳಕ್ಕೋ ವೈರಿನ ಪೈಪ್ ಗೋಡೆಯೊಳಗೆ ಹೋಗಿರುತ್ತದೆ. ಆ ಸಾಲಿನಲ್ಲಿ ಡ್ರಿಲ್ ತಾಗಿಸಬೇಡಿ.

ಗೆರೆ ಹಾಕುವಾಗ ನೆಲವನ್ನು ನಂಬಬಾರದು. ನಮ್ಮ ಮನೆಗಳಲ್ಲಿ ನೆಲ ಒಂದು ಕಡೆಗೆ ವಾಲಿರುತ್ತದೆ, ಮೂಲೆಗಳು ಕಾಟಕೋನದಲ್ಲಿರುವುದಿಲ್ಲ. ಸ್ಪಿರಿಟ್ ಲೆವೆಲ್ ಹಿಡಿದು 42 ಇಂಚಿನ ಗೆರೆಯನ್ನು ಮೊದಲು ಎಳೆಯಿರಿ, ಮಿಕ್ಕಿದ್ದೆಲ್ಲ ಅದರಿಂದ ಕೆಳಕ್ಕೆ ಅಳೆದು. ಚೌಕಟ್ಟುಗಳನ್ನು ಪೇಪರ್ ಟೇಪಿನಲ್ಲಿ ಗೋಡೆಯ ಮೇಲೆ ಅಂಟಿಸಿ, ಮಂಚವನ್ನು ಅದರ ಜಾಗಕ್ಕೆ ತಳ್ಳಿ, ಬಾಗಿಲಿಗೆ ಹೋಗಿ ನಿಂತು ನೋಡಿ. ಬಾಗಿಲು ಪೂರ್ತಿ ತೆರೆದಾಗ ಹಿಡಿ ಅಡ್ಡಪಟ್ಟಿಗೆ ತಾಗುತ್ತದೆಯೋ ಎಂಬುದೂ ಆಗಲೇ ಗೊತ್ತಾಗಲಿ.

ಕೂರಿಸುವ ಕೆಲಸಕ್ಕೆ ನಾಲ್ಕಿಂಚು ಅಗಲದ ಒಂದು ಮರದ ತುಂಡು ಕೊಯ್ದಿಟ್ಟುಕೊಳ್ಳಿ. ಅಡ್ಡಪಟ್ಟಿಗೂ ಚೌಕಟ್ಟಿಗೂ ನಡುವೆ, ಚೌಕಟ್ಟಿಗೂ ಚೌಕಟ್ಟಿಗೂ ನಡುವೆ ಅದನ್ನೇ ಇಟ್ಟು ಸರಿಹೊಂದಿಸಿದರೆ ಪ್ರತಿ ಸಲ ಟೇಪ್ ಹಿಡಿಯುವ ಗೋಜಿಲ್ಲ. ಮೂಲೆಗಳಿಗೆ 45 ಡಿಗ್ರಿಯ ಓರೆ ಕೊಯ್ತ. ಮೊಳೆಯ ತೂತಿಗೆ ಪುಟ್ಟಿ. ಬೀಡಿಂಗಿಗೂ ಗೋಡೆಗೂ ನಡುವಿನ ಕೂದಲೆಳೆಯ ಸಂದಿಗೆ ಅಕ್ರಿಲಿಕ್ ಸೀಲೆಂಟ್ ಹಾಕಿ ಒದ್ದೆ ಬೆರಳಲ್ಲಿ ಎಳೆದರೆ ಪಟ್ಟಿ ಗೋಡೆಯಿಂದಲೇ ಎದ್ದು ಬಂದಂತೆ ಕಾಣುತ್ತದೆ. ಸಿಲಿಕೋನ್ ಸೀಲೆಂಟ್ ತರಬೇಡಿ, ಅದರ ಮೇಲೆ ಪೇಂಟ್ ಹಿಡಿಯುವುದಿಲ್ಲ.

ಹತ್ತುವ ಮಗು, ಎಳೆಯುವ ಮಗು

ಅಡ್ಡಡ್ಡ ಪಟ್ಟಿಗಳ ವಿನ್ಯಾಸ ಕಿಟಕಿಯ ಕೆಳಗಂತೂ ಕೂಡದು. ಕಾಲಿಡುವಷ್ಟು ಚಾಚಿದ ಪಟ್ಟಿ ಮೂರು ವರ್ಷದ ಮಗುವಿಗೆ ಏಣಿಯ ಮೆಟ್ಟಿಲು. ಹಳೆಯ ಮನೆಗಳಲ್ಲಿ ಕಬ್ಬಿಣದ ಗ್ರಿಲ್ ಇರುತ್ತದೆ. ಹೊಸ ಅಪಾರ್ಟ್‌ಮೆಂಟಿನ ಸ್ಲೈಡಿಂಗ್ ಕಿಟಕಿಗಳಿಗೆ ಎಷ್ಟೋ ಕಡೆ ಗ್ರಿಲ್ಲೇ ಇಲ್ಲ. ಆ ಗೋಡೆಗೆ ತೆಳು ಬೀಡಿಂಗ್ ಕೂಡ ಬೇಡ, ಪೇಂಟ್ ಸಾಕು.

ಬ್ಯಾಗು, ಸ್ವೆಟರ್ ತೂಗುಹಾಕಲು ಅಡ್ಡಪಟ್ಟಿಗೆ ಗೂಟಗಳನ್ನು ಸೇರಿಸುವುದು ಒಳ್ಳೆಯ ಉಪಾಯ. ಚನ್ನಪಟ್ಟಣದ ಅರಗಿನ ಬಣ್ಣದ, ಆಲೆ ಮರದ ಗೂಟಗಳು ಸಿಕ್ಕರೆ ಕಾರ್ಟೂನ್ ಸ್ಟಿಕರ್‌ಗಿಂತ ಎಷ್ಟೋ ಚೆಂದ. ಎತ್ತರ ಮಾತ್ರ ನೋಡಿಕೊಳ್ಳಿ. ಮೂರೂವರೆ ನಾಲ್ಕಡಿ ಎಂದರೆ ಪ್ರೈಮರಿ ಶಾಲೆಯ ಮಗುವಿನ ಕಣ್ಣಿನ ಮಟ್ಟ. ಗೂಟದ ತಲೆ ದುಂಡಗೆ ಅಗಲವಾಗಿರಲಿ, ಓಡಾಡುವ ದಾರಿಯಲ್ಲಿ ಬೇಡ. ವಾರ್ಡ್‌ರೋಬಿನ ಪಕ್ಕದ ಮೂಲೆ ಸರಿಯಾದ ಜಾಗ.

ಒಂದು ಚೌಕಟ್ಟಿನ ಒಳಗೆ ಕಪ್ಪುಹಲಗೆಯ ಪೇಂಟ್ ಬಳಿದುಕೊಡಿ. ಗೋಡೆಯ ಮೇಲೆ ಬರೆಯಬೇಡ ಎನ್ನುವುದಕ್ಕಿಂತ ಇಲ್ಲಿ ಬರೆ ಎನ್ನುವುದು ಸುಲಭ, ಚೌಕಟ್ಟು ಇರುವುದರಿಂದ ಗಡಿಯೂ ತಿಳಿಯುತ್ತದೆ. ಮಂಚದ ಪಕ್ಕಕ್ಕೆ ಬೇಡ, ಸೀಮೆಸುಣ್ಣದ ಪುಡಿ ಹಾಸಿಗೆಗೆ ಬೀಳುತ್ತದೆ. ತೆಳು ತಗಡು ಕೂರಿಸಿ ಮ್ಯಾಗ್ನೆಟ್ ಗೋಡೆ ಮಾಡಿಸುವವರೂ ಇದ್ದಾರೆ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಗುಂಡಿಯಷ್ಟು ಚಿಕ್ಕ, ಬಲವಾದ ಮ್ಯಾಗ್ನೆಟ್ ಇಡಲೇಬಾರದು. ಎರಡು ನುಂಗಿದರೆ ಕರುಳಿನ ಮಡಿಕೆಗಳ ನಡುವೆ ಒಂದನ್ನೊಂದು ಸೆಳೆದು ತೂತು ಮಾಡಿಬಿಡುತ್ತವೆ.

ಪೇಂಟ್, ಬಾಡಿಗೆ ಮನೆ, ಬಡಗಿಯ ಮಾತು

ಕೆಳಗಿನ ಅರ್ಧಕ್ಕೆ ನೀರಿನಲ್ಲಿ ಕಲಸುವ ಎನಾಮೆಲ್, ಸ್ಯಾಟಿನ್ ಹೊಳಪಿನದು. ಎಣ್ಣೆ ಕಲೆ, ಕ್ರೇಯಾನ್ ಎರಡೂ ಸೋಪಿನ ನೀರಿಗೆ ಬಹುಮಟ್ಟಿಗೆ ಹೋಗುತ್ತವೆ. ಮೇಲಿನ ಅರ್ಧಕ್ಕೆ ಮಾಮೂಲಿ ಎಮಲ್ಷನ್. ಗಾಢ ಬಣ್ಣ ಕೆಳಗಿರಲಿ. ಬಣ್ಣ ಆರಿಸುವ ಅಧಿಕಾರ ಮಗುವಿಗೆ ಕೊಡುವುದಾದರೆ ಮೇಲಿನ ಅರ್ಧ ಕೊಡಿ: ಐದರಲ್ಲಿ ಗುಲಾಬಿ ಬೇಕೆಂದವಳು ಹತ್ತರಲ್ಲಿ ಅದನ್ನು ನೋಡಲೂ ಒಲ್ಲೆ ಎನ್ನುತ್ತಾಳೆ, ಆಗ ರೋಲರ್ ಹಿಡಿದು ಬದಲಿಸುವುದು ಒಂದು ದಿನದ ಕೆಲಸ. ರಾಕೆಟ್ ಕೊರೆದ ಹಲಗೆಯನ್ನು ಹಾಗೆ ಬದಲಿಸಲಾಗದು.

ಸೀಸದ ವಿಷಯ ತಿಳಿದಿರಲಿ. ಮನೆಗೆ ಬಳಿಯುವ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಡಬ್ಬಿಯ ಮೇಲೆ ಅದನ್ನು ನಮೂದಿಸಿರುತ್ತಾರೆ, ಓದಿ. ಅದಕ್ಕೂ ಹಿಂದಿನ ಎನಾಮೆಲ್ ಬಳಿದ ಕಿಟಕಿ, ಬಾಗಿಲು, ಗೋಡೆಯನ್ನು ಒಣಗಿದ್ದಾಗಲೇ ಸ್ಯಾಂಡ್ ಪೇಪರಿನಲ್ಲಿ ಉಜ್ಜಿಸಬೇಡಿ. ಆ ಧೂಳು ಮಗುವಿನ ಬೆರಳಿನಿಂದ ಬಾಯಿಗೆ ಹೋಗುತ್ತದೆ. ಒದ್ದೆ ಮಾಡಿ ಉಜ್ಜಿಸಿ, ಒದ್ದೆ ಬಟ್ಟೆಯಲ್ಲೇ ನೆಲ ಒರೆಸಿಸಿ, ಅಲ್ಲಿಯತನಕ ಮಗು ಆ ಕೋಣೆಗೆ ಬರುವುದು ಬೇಡ.

ಬಾಡಿಗೆ ಮನೆಯವರಿಗೆ ಈ ಬೀಡಿಂಗ್ ಲೆಕ್ಕ ಹೊಂದುವುದಿಲ್ಲ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗ್ ಎಂದು ಒಂದು ತಿಂಗಳ ಬಾಡಿಗೆ ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವುದು ಹೇಗೂ ರೂಢಿ, ಗೋಡೆಗೆ ತೂತು ಬಿದ್ದರೆ ಮಾತು ಬೇರೆಯೇ ಆಗುತ್ತದೆ. ಅಂಥವರು ಗೋಡೆಯನ್ನು ಬಿಟ್ಟು ಮಂಚಕ್ಕೆ ಪ್ಯಾನೆಲ್ ಮಾಡಿಸಿ. 8×4 ಅಡಿಯ ಪ್ಲೈ ಹಾಳೆಯನ್ನು ಅರ್ಧ ಮಾಡಿದರೆ 4×4ರ ಎರಡು ತುಂಡು. ಒಂದಕ್ಕೆ ಬೀಡಿಂಗ್ ಚೌಕಟ್ಟು ಹೊಡೆದು ಪೇಂಟ್ ಮಾಡಿ, ಸಿಂಗಲ್ ಮಂಚದ ಹಿಂಗಾಲುಗಳಿಗೆ ಬೋಲ್ಟ್ ಹಾಕಿ ನಿಲ್ಲಿಸಿದರೆ ಆಯಿತು. ಮನೆ ಬದಲಿಸಿದಾಗ ಲಾರಿಯಲ್ಲಿ ಮಂಚದ ಜೊತೆಗೇ ಬರುತ್ತದೆ.

ಬಡಗಿಯ ಹತ್ತಿರ ದರ ಮಾತಾಡುವಾಗ ಬೀಡಿಂಗಿಗೆ ರನ್ನಿಂಗ್ ಫೂಟ್ ಲೆಕ್ಕ, ಹಲಗೆಗೆ ಸ್ಕ್ವೇರ್ ಫೂಟ್ ಲೆಕ್ಕ ಎಂಬುದು ನೆನಪಿರಲಿ. ಬೀಡಿಂಗ್ ಚೌಕಟ್ಟಿಗೂ ಇಡೀ ಗೋಡೆಯ ಸ್ಕ್ವೇರ್ ಫೂಟ್ ಹೇಳಿದರೆ ಖಾಲಿ ಗೋಡೆಗೂ ದುಡ್ಡು ಕೊಟ್ಟಂತೆ. ಪುಟ್ಟಿ, ಸೀಲೆಂಟ್, ಪ್ರೈಮರ್ ಯಾರದು ಎಂದು ಮೊದಲೇ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಬಡಗಿ ಅದು ಪೇಂಟರ್ ಕೆಲಸ ಎನ್ನುತ್ತಾರೆ, ಪೇಂಟರ್ ಅದು ಬಡಗಿಯ ಕೆಲಸ ಎನ್ನುತ್ತಾರೆ, ಮೂಲೆಯ ಸಂದಿ ಹಾಗೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಬೀಡಿಂಗನ್ನೂ ಕಾಲು ಲೀಟರ್ ಪೇಂಟನ್ನೂ ಅಟ್ಟದ ಮೇಲೆ ಎತ್ತಿಡಿ, ಶೇಡ್ ನಂಬರನ್ನು ವಾರ್ಡ್‌ರೋಬ್ ಬಾಗಿಲಿನ ಒಳಮೈಗೆ ಬರೆದಿಡಿ. ಡಬ್ಬಿಯ ಮುಚ್ಚಳದ ಮೇಲೆ ಬರೆದರೆ ಪೇಂಟ್ ಸೋರಿ ಅಳಿಸಿಹೋಗುತ್ತದೆ.